ಟಾಟಾ ಇನ್‌ಸ್ಟಿಟ್ಯೂಟಿನ ಉಪ್ಪಿನ ಹರಳಿನಿಂದ ರಕ್ತದ ಕಿಣ್ವದವರೆಗೆ

1965ರಲ್ಲಿ ಜರ್ಮನಿಯ ಹಳೆಯ ಸ್ಫಟಿಕವಿಜ್ಞಾನ ಪತ್ರಿಕೆಯೊಂದರ 122ನೇ ಸಂಪುಟದಲ್ಲಿ ಬೆಂಗಳೂರಿನಿಂದ ಹೋದ ಪ್ರಬಂಧವೊಂದು ಅಚ್ಚಾಯಿತು. ಮೆಗ್ನೀಸಿಯಂ, ಪೊಟ್ಯಾಸಿಯಂ, ಸಲ್ಫೇಟ್, ಜತೆಗೆ ಆರು ನೀರಿನ ಅಣುಗಳು ಸೇರಿದ ಒಂದು ಉಪ್ಪಿನ ಹರಳಿನೊಳಗೆ ಯಾವ ಪರಮಾಣು ಎಲ್ಲಿ ಕೂತಿದೆ ಎಂಬುದು ಅದರ ವಿಷಯ. ಬರೆದವರು ಕೆ.ಕೆ. ಕಣ್ಣನ್ ಮತ್ತು ಎಂ.ಎ. ವಿಶ್ವಾಮಿತ್ರ. ಕೆಲಸ ನಡೆದದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿ. ಯಶವಂತಪುರ, ಮತ್ತಿಕೆರೆ, ಮಲ್ಲೇಶ್ವರಗಳ ನಡುವೆ ಮರಗಳ ಮರೆಯಲ್ಲಿರುವ ಆ ಆವರಣ ಬಸ್ ಕಂಡಕ್ಟರುಗಳ ಬಾಯಲ್ಲಿ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’.

ಏಳು ವರ್ಷಗಳ ನಂತರ, 1972ರಲ್ಲಿ, ಅದೇ ಕಣ್ಣನ್ ಅವರ ಹೆಸರು ಸ್ವೀಡನ್ನಿನ ಉಪ್ಸಾಲಾದಿಂದ ಬಂದ ಇನ್ನೊಂದು ಪ್ರಬಂಧದಲ್ಲಿ ಕಾಣಿಸಿಕೊಂಡಿತು. ‘ನೇಚರ್ ನ್ಯೂ ಬಯಾಲಜಿ’ ಪ್ರಕಟಿಸಿದ ಆ ಪ್ರಬಂಧದ ವಿಷಯ ಉಪ್ಪಲ್ಲ, ಮನುಷ್ಯನ ಕೆಂಪು ರಕ್ತಕಣದೊಳಗೆ ದುಡಿಯುವ ಕಾರ್ಬಾನಿಕ್ ಆನ್‌ಹೈಡ್ರೇಸ್ ಎಂಬ ಕಿಣ್ವ. ಸಂಸ್ಥೆಯ ಚರಿತ್ರೆ ಬರೆಯುವವರು ರಾಮನ್, ಸಾರಾಭಾಯಿ, ಸತೀಶ್ ಧವನ್ ಎಂದು ದೊಡ್ಡ ಹೆಸರುಗಳನ್ನು ಹಿಡಿದು ಸಾಗುತ್ತಾರೆ. ಈ ಕಿಣ್ವದ ಕಥೆಯಲ್ಲಿ ಆವರಣಕ್ಕಿರುವ ಪಾಲು ಸಣ್ಣದು, ಆದರೆ ಗಟ್ಟಿಯಾದದ್ದು. ಅದನ್ನು ಹೇಳುವವರು ಕಡಿಮೆ.

ಕಥೆ ಶುರುವಾಗುವುದು ಒಂದು ಲೆಕ್ಕ ತಾಳೆಯಾಗದ ತಕರಾರಿನಿಂದ. ದೇಹದ ಕೋಶಗಳು ಹೊರಹಾಕುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ. 70ರಷ್ಟು ರಕ್ತದಲ್ಲಿ ಬೈಕಾರ್ಬನೇಟ್ ರೂಪದಲ್ಲಿ ಸಾಗುತ್ತದೆ. ಶ್ವಾಸಕೋಶ ಮುಟ್ಟಿದ ಮೇಲೆ ಅದು ಮತ್ತೆ ಅನಿಲವಾಗಿ ಹೊರಬೀಳಬೇಕು. 1920ರ ದಶಕದಲ್ಲಿ ವಿಜ್ಞಾನಿಗಳು ಆ ರಾಸಾಯನಿಕ ಕ್ರಿಯೆಯ ವೇಗವನ್ನು ಲೆಕ್ಕ ಹಾಕಿದರು. ಬರೀ ನೀರಿನಲ್ಲಿ ಅದಕ್ಕೆ ಹಲವಾರು ಸೆಕೆಂಡುಗಳೇ ಬೇಕು. ರಕ್ತಕಣವೋ ಶ್ವಾಸಕೋಶದ ಲೋಮನಾಳವನ್ನು ಒಂದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ದಾಟಿಬಿಡುತ್ತದೆ. ಕಾಗದದ ಮೇಲಿನ ಲೆಕ್ಕ ನಂಬುವುದಾದರೆ ಯಾವ ಮನುಷ್ಯನೂ ಬದುಕಿರುವಂತಿಲ್ಲ.

ಹಾಗಾದರೆ ರಕ್ತದಲ್ಲಿ ಈ ಕ್ರಿಯೆಯನ್ನು ಯಾವುದೋ ಒಂದು ಪದಾರ್ಥ ಓಡಿಸುತ್ತಿರಬೇಕು. 1928ರಲ್ಲಿ ಡೆನ್ಮಾರ್ಕಿನ ಹೆನ್ರಿಕ್ಸ್ ಈ ದಿಕ್ಕಿನಲ್ಲಿ ಕೈತೋರಿಸಿದರು. ಕೇಂಬ್ರಿಜ್‌ನ ನಾರ್ಮನ್ ಮೆಲ್ಡ್ರಮ್ ಮತ್ತು ಫ್ರಾನ್ಸಿಸ್ ರಫ್ಟನ್ 1932–33ರಲ್ಲಿ ಆ ಪದಾರ್ಥವನ್ನು, ಅಂದರೆ ಕಾರ್ಬಾನಿಕ್ ಆನ್‌ಹೈಡ್ರೇಸನ್ನು, ರಕ್ತಕಣದಿಂದ ಬೇರ್ಪಡಿಸಿ ತೋರಿಸಿದರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಸ್ಟಾಡಿ ಮತ್ತು ಒ’ಬ್ರಯನ್ ಸ್ವತಂತ್ರವಾಗಿ ಅದೇ ತೀರ್ಮಾನಕ್ಕೆ ಬಂದಿದ್ದರು. ಸೆಕೆಂಡಿನ ಸಾವಿರದ ಭಾಗಗಳಲ್ಲಿ ಮುಗಿದುಹೋಗುವ ಕ್ರಿಯೆಗಳನ್ನು ಅಳೆಯುವುದು ರಫ್ಟನ್‌ಗೆ ಹೊಸದಲ್ಲ. 1923ರಲ್ಲೇ ಅವರು ಹಾರ್ಟ್‌ರಿಡ್ಜ್ ಜತೆ ಸೇರಿ, ಎರಡು ದ್ರವಗಳನ್ನು ಜೋರಾಗಿ ಹರಿಸಿ, ಬೆರೆಸಿ, ಕೊಳವೆಯುದ್ದಕ್ಕೂ ಬೇರೆ ಬೇರೆ ದೂರದಲ್ಲಿ ಬಣ್ಣ ನೋಡುವ ಉಪಾಯ ಕಂಡುಕೊಂಡಿದ್ದರು. ದೂರವೇ ಅಲ್ಲಿ ಕಾಲ.

ಹೊಸ ಕಿಣ್ವಕ್ಕೆ ಅವರು ಬಳಸಿದ್ದು ಇನ್ನೂ ಸರಳವಾದ ಉಪಕರಣ. ದೋಣಿಯಾಕಾರದ ಗಾಜಿನ ಪಾತ್ರೆಯೊಳಗೆ ನಡುವೆ ಒಂದು ತಡೆ. ಒಂದು ಬದಿಗೆ ಬೈಕಾರ್ಬನೇಟ್, ಇನ್ನೊಂದು ಬದಿಗೆ ಫಾಸ್ಫೇಟ್ ದ್ರಾವಣ. ಪಾತ್ರೆಯನ್ನು ಜೋರಾಗಿ ಕುಲುಕಿದರೆ ಎರಡೂ ಬೆರೆತು ಅನಿಲ ಎದ್ದು ಮಾನೋಮೀಟರಿನ ದ್ರವವನ್ನು ತಳ್ಳುತ್ತದೆ. ಒಂದು ಹನಿ ಕಿಣ್ವ ಸೇರಿದ್ದರೆ ದ್ರವ ನೆಗೆಯುತ್ತದೆ. ರಕ್ತವನ್ನು ಸಾವಿರಾರು ಪಟ್ಟು ತೆಳುವಾಗಿಸಿದರೂ ಪರಿಣಾಮ ಕಾಣುತ್ತಿತ್ತು. ಇದರ ಒಂದು ರೂಪದ ಒಂದೇ ಅಣು ಸೆಕೆಂಡಿಗೆ ಸುಮಾರು 10 ಲಕ್ಷ ಬಾರಿ ತನ್ನ ಕೆಲಸ ಮುಗಿಸಬಲ್ಲದೆಂದು ಆಮೇಲೆ ಗೊತ್ತಾಯಿತು. ಜೀವಲೋಕದಲ್ಲಿ ಈ ವೇಗಕ್ಕೆ ಸಮನಾದ ಕಿಣ್ವಗಳು ಬೆರಳೆಣಿಕೆಯಷ್ಟು.

ದೋಣಿ ಕುಲುಕುವುದು ಎಲ್ಲರ ಕೈಲಾಗುವ ಕೆಲಸವಲ್ಲ. 1948ರಲ್ಲಿ ಅಮೆರಿಕದ ವಿಲ್ಬರ್ ಮತ್ತು ಆಂಡರ್ಸನ್ ಪ್ರಕಟಿಸಿದ ವಿಧಾನ ಮಾತ್ರ ಒಂದು ಐಸ್ ಪೆಟ್ಟಿಗೆ, ಒಂದು ಸ್ಟಾಪ್‌ವಾಚ್ ಇದ್ದವರಿಗೆಲ್ಲ ದಕ್ಕಿತು. ತಣ್ಣಗಿನ ಬಫರ್ ದ್ರಾವಣಕ್ಕೆ ಬಣ್ಣಸೂಚಕ ಹಾಕಿ, ಇಂಗಾಲದ ಡೈಆಕ್ಸೈಡ್ ತುಂಬಿದ ಐಸ್‌ನೀರನ್ನು ಒಮ್ಮೆಲೇ ಸುರಿಯಬೇಕು. ಆಮ್ಲತೆ ಏರುತ್ತಿದ್ದಂತೆ ನೀಲಿ ಹಳದಿಗೆ ತಿರುಗುತ್ತದೆ. ಬರೀ ಬಫರ್‌ಗೆ ಹಿಡಿದ ಕಾಲ, ಕಿಣ್ವ ಬೆರೆತಾಗ ಹಿಡಿದ ಕಾಲ, ಇವೆರಡರ ವ್ಯತ್ಯಾಸದಿಂದ ಕಿಣ್ವದ ಯೂನಿಟ್ ಲೆಕ್ಕ. ಕಾಲ ಅರ್ಧಕ್ಕಿಳಿದರೆ ಒಂದು ಯೂನಿಟ್. ಬಣ್ಣದ ಬದಲು ಪಿಎಚ್ ಮೀಟರಿನ ಮುಳ್ಳು 8.3ರಿಂದ 6.3ಕ್ಕೆ ಇಳಿಯುವುದನ್ನೂ ನೋಡಬಹುದು. ಐಸ್ ಏಕೆಂದರೆ, ಬೆಚ್ಚಗಿದ್ದರೆ ಕ್ರಿಯೆ ಗಡಿಯಾರದ ಕೈಗೆ ಸಿಗುವುದಿಲ್ಲ. ಇಂದಿಗೂ ಕಿಣ್ವ ಮಾರುವ ಕಂಪನಿಗಳು ಬಾಟಲಿಯ ಚೀಟಿಯ ಮೇಲೆ ನಮೂದಿಸುವುದು ಈ ವಿಲ್ಬರ್-ಆಂಡರ್ಸನ್ ಯೂನಿಟ್ಟನ್ನೇ. ಹೆಚ್ಚು ನಿಖರವಾದ ವಿಧಾನಗಳು ಬಂದರೂ ಈ ಬಡವರ ವಿಧಾನ ಸಾಯಲಿಲ್ಲ. ಸಾಯಬೇಕಾಗಿಯೂ ಇಲ್ಲ.

ಇಷ್ಟು ಹೊತ್ತಿಗೆ ಬೆಂಗಳೂರಿನಲ್ಲಿ ಏನು ನಡೆಯುತ್ತಿತ್ತು? ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಾಗದಲ್ಲಿ 1911ರಿಂದ ಪಾಠ, ಸಂಶೋಧನೆ ಆರಂಭಿಸಿದ್ದ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗ 1921ರಲ್ಲಿ ಹುಟ್ಟಿತು. ದೇಶದಲ್ಲಿ ಈ ವಿಷಯಕ್ಕಾಗಿ ಹುಟ್ಟಿದ ಅತಿ ಹಳೆಯ ವಿಭಾಗಗಳಲ್ಲಿ ಅದೊಂದು. ಕಟ್ಟಿದವರು ಗಿಲ್ಬರ್ಟ್ ಫೌಲರ್. 1933ರಲ್ಲಿ ಅಲ್ಲಿಗೆ ಅರ್ಜಿ ಹಾಕಿದ ಕಮಲಾ ಭಾಗವತ್ ಅವರನ್ನು, ಹೆಣ್ಣೆಂಬ ಕಾರಣಕ್ಕೆ, ನಿರ್ದೇಶಕ ಸಿ.ವಿ. ರಾಮನ್ ಮೊದಲು ಒಳಗೆ ಬಿಡಲಿಲ್ಲ. ಹಟ ಹಿಡಿದು ಸೇರಿದ ಕಮಲಾ, ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಸಸ್ಯಕೋಶದಲ್ಲಿ ಸೈಟೋಕ್ರೋಮ್ ಸಿ ಇರುವುದನ್ನು ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದರು. ಕಮಲಾ ಸೊಹೊನಿ ಎಂದು ಮುಂದೆ ದೇಶ ಗುರುತಿಸಿದ್ದು ಇವರನ್ನೇ.

ಅದೇ ಕೇಂಬ್ರಿಜ್‌ನಲ್ಲಿ, ಅದೇ ವರ್ಷಗಳಲ್ಲಿ, ಸೈಟೋಕ್ರೋಮ್‌ಗೆ ಆ ಹೆಸರಿಟ್ಟ ಡೇವಿಡ್ ಕೀಲಿನ್ ತಮ್ಮ ಜತೆಗಾರ ಥಡೇಯಸ್ ಮಾನ್ ಜತೆ ಕಾರ್ಬಾನಿಕ್ ಆನ್‌ಹೈಡ್ರೇಸನ್ನು ಶುದ್ಧಗೊಳಿಸುತ್ತಿದ್ದರು. 1939–40ರಲ್ಲಿ ಅವರಿಗೆ ಸಿಕ್ಕಿದ್ದು ಸತು. ತೂಕದ ಶೇ. 0.33ರಷ್ಟು. ಸತು ಕಿಣ್ವವೊಂದರ ಅಂಗವಾಗಿರಬಲ್ಲದೆಂದು ಮೊದಲು ತೋರಿದ್ದು ಇದೇ. ಆಹಾರದಲ್ಲಿ ಸತು ಏಕೆ ಬೇಕು ಎಂಬ ಪ್ರಶ್ನೆಗೆ ಅಲ್ಲಿಯವರೆಗೆ ನೆಟ್ಟಗೆ ಉತ್ತರವಿರಲಿಲ್ಲ.

ಇನ್ನೊಂದು ಶೋಧ ಆಸ್ಪತ್ರೆಯ ವಾರ್ಡಿನಿಂದ ಬಂತು. 1930ರ ದಶಕದ ಕೊನೆಯಲ್ಲಿ ಕೀವುಜ್ವರಗಳಿಗೆ ಹೊಸದಾಗಿ ಕೊಡುತ್ತಿದ್ದ ಸಲ್ಫನಿಲಮೈಡ್ ನುಂಗಿದ ಕೆಲವರ ರಕ್ತ ಆಮ್ಲೀಯವಾಗುತ್ತಿತ್ತು, ಮೂತ್ರ ಮಾತ್ರ ಕ್ಷಾರೀಯ. ವೈದ್ಯರಿಗೆ ತಲೆಬುಡ ತಿಳಿಯಲಿಲ್ಲ. 1940ರಲ್ಲಿ ಮಾನ್ ಮತ್ತು ಕೀಲಿನ್ ಕಾರಣ ಹೇಳಿದರು: ಸಲ್ಫನಿಲಮೈಡ್ ಈ ಕಿಣ್ವವನ್ನು ಕಟ್ಟಿಹಾಕುತ್ತದೆ. ಮೂತ್ರಪಿಂಡ ಬೈಕಾರ್ಬನೇಟನ್ನು ಹಿಂದಕ್ಕೆ ಎಳೆದುಕೊಳ್ಳಲಾರದೆ ಹೊರಗೆ ಬಿಡುತ್ತದೆ. ದೇಹದ ಒಂದು ದ್ರವದಲ್ಲಿ ಕಂಡ ವಿಚಿತ್ರಕ್ಕೆ ಇನ್ನೊಂದು ದ್ರವದ ಕಿಣ್ವ ಉತ್ತರವಾಗಿ ಒದಗಿದ್ದು ಹೀಗೆ.

ಅಡ್ಡಪರಿಣಾಮವನ್ನೇ ಔಷಧ ಮಾಡುವುದು ರಸಾಯನ ಉದ್ಯಮಕ್ಕೆ ಚೆನ್ನಾಗಿ ಗೊತ್ತು. ಅಮೆರಿಕನ್ ಸಯನಮೈಡ್ ಕಂಪನಿಯ ರೋಬ್ಲಿನ್ ಮತ್ತು ಕ್ಲಾಪ್ 1950ರಲ್ಲಿ ಅಸಿಟಜೋಲಮೈಡ್ ತಯಾರಿಸಿದರು. ಡಯಮಾಕ್ಸ್ ಎಂಬ ಮಾತ್ರೆಯಾಗಿ ಅದು ಜಗತ್ತಿಗೆ ಗೊತ್ತು. 1954ರಲ್ಲಿ ಬರ್ನಾರ್ಡ್ ಬೆಕರ್ ಇದು ಕಣ್ಣಿನೊಳಗಿನ ಒತ್ತಡ ಇಳಿಸುವುದನ್ನು ತೋರಿಸಿದ ಮೇಲೆ ಗ್ಲಾಕೋಮಾ ಚಿಕಿತ್ಸೆಯ ದಾರಿಯೇ ಬದಲಾಯಿತು. ಕಣ್ಣೊಳಗಿನ ದ್ರವ ಜಿನುಗುವುದಕ್ಕೂ ಈ ಕಿಣ್ವವೇ ಬೇಕು ಎಂದು ಅದರಿಂದ ತಿಳಿಯಿತು.

ಬೆಂಗಳೂರಿನ ಜೀವರಸಾಯನ ವಿಭಾಗ ಆಗ ರಕ್ತದ ಪ್ರೋಟೀನುಗಳನ್ನು ಬಿಡಿಸುವ ಉಪಾಯಗಳಲ್ಲಿ ಮುಳುಗಿತ್ತು. ಕೆ.ವಿ. ಗಿರಿ ಅವರ ಗುಂಪು ಕಾಗದದ ಬಿಲ್ಲೆಯ ಮೇಲೆ ಅಮೈನೊ ಆಮ್ಲಗಳನ್ನು ಉಂಗುರಗಳಾಗಿ ಬೇರ್ಪಡಿಸುವ ವರ್ತುಲ ಕ್ರೊಮೆಟಾಗ್ರಫಿಯನ್ನು 1950ರ ದಶಕದ ಆರಂಭದಲ್ಲಿ ರೂಪಿಸಿತು. 1956ರಲ್ಲಿ ಗಿರಿ ಅಗರ್ ಪದರದ ಮೇಲೆ ವಿದ್ಯುತ್ ಹಾಯಿಸಿ ಪ್ರೋಟೀನುಗಳನ್ನು ಪಟ್ಟಿಪಟ್ಟಿಯಾಗಿ ಬಿಡಿಸುವ ವಿಧಾನವೊಂದನ್ನು ಪ್ರಕಟಿಸಿದರು. ಕಡಿಮೆ ಖರ್ಚಿನ ವಿಧಾನ. ಕೇಂಬ್ರಿಜ್‌ನ ಉಪಕರಣಗಳಿಲ್ಲದ ದೇಶಕ್ಕೆ ಹೇಳಿ ಮಾಡಿಸಿದ್ದು. ಇಂಥ ಬೇರ್ಪಡಿಕೆಯ ಕಸುಬು ಎಲ್ಲ ಕಡೆ ಕೈಗೂಡಿದ್ದರಿಂದಲೇ 1960ರ ದಶಕದಲ್ಲಿ ಒಂದು ಸಂಗತಿ ಖಚಿತವಾಯಿತು: ರಕ್ತಕಣದಲ್ಲಿ ಕಾರ್ಬಾನಿಕ್ ಆನ್‌ಹೈಡ್ರೇಸ್ ಒಂದಲ್ಲ, ಎರಡು. ಹೆಚ್ಚಿರುವುದು ‘ಬಿ’, ಕಡಿಮೆಯಿದ್ದರೂ ಓಟದಲ್ಲಿ ಮುಂದಿರುವುದು ‘ಸಿ’. ಇಂದಿನ ಭಾಷೆಯಲ್ಲಿ ಒಂದು ಮತ್ತು ಎರಡು.

ವೇಗ ತಿಳಿದಿತ್ತು, ಸತು ತಿಳಿದಿತ್ತು, ತಡೆಯುವ ಔಷಧವೂ ಅಂಗಡಿಯಲ್ಲಿತ್ತು. ತಿಳಿಯದೆ ಉಳಿದದ್ದು ರೂಪ. ಇಲ್ಲಿಗೆ ಬರುತ್ತಾರೆ ಹರಳಿನವರು.

ಟಾಟಾ ಇನ್‌ಸ್ಟಿಟ್ಯೂಟಿನ ಭೌತವಿಜ್ಞಾನ ವಿಭಾಗದಲ್ಲಿ ಹರಳುಗಳನ್ನು ಕ್ಷ-ಕಿರಣಕ್ಕೆ ಒಡ್ಡುವ ಅಭ್ಯಾಸ ರಾಮನ್ ಕಾಲದ್ದು. 1942ರಲ್ಲಿ ಸಂಸ್ಥೆಗೆ ಬಂದ ಜಿ.ಎನ್. ರಾಮಚಂದ್ರನ್ ಪಳಗಿದ್ದು ಅಲ್ಲೇ. ಆ ಸಂಪ್ರದಾಯದಲ್ಲೇ ಕಣ್ಣನ್ ಮತ್ತು ವಿಶ್ವಾಮಿತ್ರ ಉಪ್ಪಿನ ಹರಳನ್ನು ಓದಿದ್ದು. ಓದುವುದೆಂದರೆ, ಹರಳಿಗೆ ತಾಗಿ ಚದುರಿದ ಕ್ಷ-ಕಿರಣ ಫಿಲ್ಮಿನ ಮೇಲೆ ಬಿಡುವ ನೂರಾರು ಚುಕ್ಕೆಗಳ ಕಪ್ಪನ್ನು ಅಳೆದು, ಅದರಿಂದ ಪರಮಾಣುಗಳ ಜಾಗವನ್ನು ಗಣಿತದ ಮೂಲಕ ಹಿಂದಕ್ಕೆ ಹುಡುಕುವುದು. ಉಪ್ಪಿನಲ್ಲಿ ಹತ್ತಿಪ್ಪತ್ತು ಪರಮಾಣುಗಳ ಜಾಗ ಹುಡುಕಿದರೆ ಮುಗಿಯಿತು. ಕಿಣ್ವದಲ್ಲಿ ಅಮೈನೊ ಆಮ್ಲಗಳೇ 260ರಷ್ಟು, ಪರಮಾಣುಗಳು ಸಾವಿರಗಟ್ಟಲೆ. ತತ್ತ್ವ ಒಂದೇ ಆದರೂ ದುಡಿಮೆ ಬೇರೆ.

ಉಪ್ಸಾಲಾದಲ್ಲಿ ಮನುಷ್ಯನ ಕಿಣ್ವದ ಹರಳು 1962ರಷ್ಟು ಹಿಂದೆಯೇ ಸಿದ್ಧವಾಗಿತ್ತು. ಬ್ರೋರ್ ಸ್ಟ್ರಾಂಡ್‌ಬರ್ಗ್ ಅವರ ಆ ಗುಂಪು ಹತ್ತು ವರ್ಷ ಅದನ್ನೇ ಹಿಡಿದು ಕೂತಿತು. ಸೇರಿಕೊಂಡ ಕಣ್ಣನ್ 1971ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ವಿಚಾರಸಂಕಿರಣದ ಸಂಪುಟಕ್ಕೆ ಬರೆದ ಪ್ರಬಂಧದ ಮೊದಲ ಲೇಖಕ. ಮರುವರ್ಷ ಆಂಡರ್ಸ್ ಲಿಲ್ಯಾಸ್ ಮೊದಲ ಹೆಸರಾಗಿ, ಕಣ್ಣನ್ ಎರಡನೆಯವರಾಗಿ, ಒಟ್ಟು ಹತ್ತು ಮಂದಿಯ ಹೆಸರಿನಲ್ಲಿ ‘ಸಿ’ ರೂಪದ ಚಿತ್ರ ಹೊರಬಂತು, 2 ಆಂಗ್‌ಸ್ಟ್ರಮ್ ಸ್ಪಷ್ಟತೆಯಲ್ಲಿ. ಒಂದು ಆಂಗ್‌ಸ್ಟ್ರಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗ. ಅಣುವಿನ ನಡುವೆ ಆಳವಾದ ಗುಳಿ. ಗುಳಿಯ ತಳದಲ್ಲಿ ಮೂರು ಹಿಸ್ಟಿಡಿನ್‌ಗಳು ಹಿಡಿದಿಟ್ಟ ಒಂದೇ ಒಂದು ಸತುವಿನ ಪರಮಾಣು. ಕೀಲಿನ್ ಮತ್ತು ಮಾನ್ ತೂಕದಲ್ಲಿ ಕಂಡಿದ್ದು ಇಲ್ಲಿ ಜಾಗ ಸಮೇತ ಸಿಕ್ಕಿತು. 1975ರಲ್ಲಿ ‘ಬಿ’ ರೂಪವೂ ಬಂತು, 2.2 ಆಂಗ್‌ಸ್ಟ್ರಮ್‌ನಲ್ಲಿ. ಈ ಬಾರಿ ಮೊದಲ ಹೆಸರು ಕಣ್ಣನ್ ಅವರದೇ.

ಕಣ್ಣನ್ ಮುಂದೆ ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಕೂತು ಅದೇ ಕಿಣ್ವವನ್ನು ಬಿಡದೆ ಹಿಂಬಾಲಿಸಿದರು. 1984ರಲ್ಲಿ ‘ಬಿ’ಯ ತಿದ್ದಿದ, ಹೆಚ್ಚು ನಿಖರವಾದ ರಚನೆ. 1994ರಲ್ಲಿ, ಚಕ್ರವರ್ತಿ ಅವರ ಜತೆ, ಅಸಿಟಜೋಲಮೈಡ್ ಸೇರಿ ಮೂರು ಸಲ್ಫಾ ಔಷಧಗಳು ಕಿಣ್ವದ ಗುಳಿಯೊಳಗೆ ಹೇಗೆ ಕೂರುತ್ತವೆ ಎಂಬುದರ ಚಿತ್ರ. ಔಷಧ ನೇರವಾಗಿ ಹೋಗಿ ಸತುವನ್ನೇ ಹಿಡಿಯುತ್ತದೆ. 1938ರ ವಾರ್ಡಿನ ಕ್ಷಾರೀಯ ಮೂತ್ರಕ್ಕೆ ಪರಮಾಣುಗಳ ಮಟ್ಟದ ವಿವರಣೆ ಹೀಗೆ ಭಾರತದ ಲ್ಯಾಬಿನಿಂದಲೂ ಸಿಕ್ಕಿತು. ವಿಶ್ವಾಮಿತ್ರ ಅವರು ಬೇರೆ ಹಾದಿ ಹಿಡಿದರು: 1978ರಲ್ಲಿ ಓಲ್ಗಾ ಕೆನಾರ್ಡ್ ಮೊದಲಾದವರೊಂದಿಗೆ ಡಿಎನ್‌ಎಯ ತುಣುಕೊಂದನ್ನು ಪರಮಾಣು ಪರಮಾಣುವಾಗಿ ಬಿಡಿಸಿ ತೋರಿಸಿದರು. ಒಂದೇ ಉಪ್ಪಿನಿಂದ ಹೊರಟ ಇಬ್ಬರು, ಒಬ್ಬರು ರಕ್ತಕ್ಕೆ, ಇನ್ನೊಬ್ಬರು ವಂಶವಾಹಿಗೆ.

ರೂಪವೂ ಸಿಕ್ಕಿದ ಮೇಲೆ ದೇಹದ ದ್ರವಗಳಲ್ಲಿ ಈ ಕಿಣ್ವದ ಶೋಧ ಬಿರುಸಾಯಿತು. ಜಠರಾಮ್ಲದ ವಿಷಯದಲ್ಲಿ ಅದಕ್ಕೂ ಹಿಂದಿನ ಒಂದು ತಮಾಷೆಯ ಪ್ರಸಂಗವಿದೆ. ಹೊರೇಸ್ ಡೇವನ್‌ಪೋರ್ಟ್ ಎಂಬಾತ 1939ರಲ್ಲಿ ಜಠರದ ಆಮ್ಲಕೋಶಗಳಲ್ಲಿ ಕಿಣ್ವ ಕಂಡು, ಆಮ್ಲ ಹುಟ್ಟುವುದು ಇದರಿಂದಲೇ ಎಂದು ಸಾರಿದ. 1946ರಲ್ಲಿ ತಾನೇ ಆ ಸಿದ್ಧಾಂತಕ್ಕೆ ಶ್ರದ್ಧಾಂಜಲಿಯ ತಲೆಬರಹ ಕೊಟ್ಟು ಲೇಖನ ಬರೆದ. ಸತ್ತಿತೆಂದುಕೊಂಡ ಸಿದ್ಧಾಂತ ಆಮೇಲೆ ಎದ್ದು ಕೂತಿತು.

ರಕ್ತಕಣದ ಎರಡರ ಆಚೆಗೂ ಈ ಕಿಣ್ವಕ್ಕೆ ರೂಪಗಳಿವೆ. ಜೊಲ್ಲಿನಲ್ಲಿರುವುದು ಆರನೆಯ ರೂಪ. ಮನುಷ್ಯನ ಜೊಲ್ಲಿನಿಂದ ಅದನ್ನು 1987ರಲ್ಲಿ ಶುದ್ಧಗೊಳಿಸಿದರು. ರುಚಿ ಕಳೆದುಕೊಂಡ ಕೆಲವರ ಜೊಲ್ಲಿನಲ್ಲಿ ಕಡಿಮೆಯಿದ್ದ ‘ಗಸ್ಟಿನ್’ ಎಂಬ ಪ್ರೋಟೀನೂ ಇದೂ ಒಂದೇ ಎಂದು 1998ರಲ್ಲಿ ತೀರ್ಮಾನವಾಯಿತು. ಮಿದುಳಿನ ಸುತ್ತಲ ದ್ರವ ಜಿನುಗುವಲ್ಲಿಯೂ ಈ ಕಿಣ್ವದ ಕೈಯಿದೆ. ಅಸಿಟಜೋಲಮೈಡ್ ಆ ಜಿನುಗನ್ನು ತಗ್ಗಿಸುವುದರಿಂದ ತಲೆಯೊಳಗಿನ ಒತ್ತಡ ಹೆಚ್ಚಿದ ಕೆಲವು ರೋಗಿಗಳಿಗೆ ಅದನ್ನೇ ಕೊಡುತ್ತಾರೆ. ಸ್ನಾಯುವಿನಲ್ಲಿ ಮೂರನೆಯ ರೂಪ. ಸ್ನಾಯು ಸವೆಯುವ ಡುಶೆನ್ ಕಾಯಿಲೆಯವರ ರಕ್ತದಲ್ಲಿ ಅದು ಸೋರಿರುವುದು 1980ರ ದಶಕದಲ್ಲಿ ಪತ್ತೆಯಾಯಿತು.

ರಕ್ತದ ನೀರಿನ ಭಾಗದಲ್ಲಿ ಮಾತ್ರ ಅಳತೆ ಒಂದು ಗೋಳು. ಕೆಂಪು ರಕ್ತಕಣದಲ್ಲಿ ಹಿಮೋಗ್ಲೋಬಿನ್ ಬಿಟ್ಟರೆ ಅತಿ ಹೆಚ್ಚಿರುವ ಪ್ರೋಟೀನು ಇದೇ. ಸೂಜಿ ಒರಟಾಗಿ ಚುಚ್ಚಿ ನಾಲ್ಕು ಕಣ ಒಡೆದರೂ ಸಾಕು, ಫಲಿತಾಂಶ ಹಾಳು. ಬೇರ್ಪಡಿಸಿದ ನೀರಿನ ಭಾಗ ಸ್ವಲ್ಪ ಕೆಂಪಾಗಿದ್ದರೆ ಆ ಮಾದರಿಯನ್ನು ಚೆಲ್ಲುವುದೇ ಲೇಸು.

ಆರ್.ಟಿ. ನಗರ, ಹೆಬ್ಬಾಳ, ಯಲಹಂಕದ ಯಾವ ಸಾಮಾನ್ಯ ಲ್ಯಾಬಿನ ರಿಪೋರ್ಟಿನಲ್ಲೂ ಈ ಕಿಣ್ವದ ಸಾಲು ಇರುವುದಿಲ್ಲ. ಅಷ್ಟು ಮುಖ್ಯವಾದದ್ದನ್ನು ಏಕೆ ಅಳೆಯುವುದಿಲ್ಲ ಎಂದು ಕೇಳುವವರಿಗೆ ಉತ್ತರ ಸರಳ: ಅದು ಬೇಕಾದ್ದಕ್ಕಿಂತ ವಿಪರೀತ ಹೆಚ್ಚಿದೆ. ಶೇ. 99ಕ್ಕೂ ಹೆಚ್ಚು ತಡೆದ ಮೇಲಷ್ಟೇ ದೇಹದಲ್ಲಿ ಪರಿಣಾಮ ಕಾಣುತ್ತದೆ ಎಂಬುದನ್ನು ಥಾಮಸ್ ಮಾರೆನ್ ದಶಕಗಳ ಕಾಲ ತೋರಿಸಿಕೊಟ್ಟರು. ಅರ್ಧಕ್ಕರ್ಧ ಇಳಿದರೂ ರೋಗಿಗೆ ಗೊತ್ತಾಗದ ವಸ್ತುವನ್ನು ಅಳೆದು ದುಡ್ಡು ಕೀಳುವುದರಲ್ಲಿ ಅರ್ಥವಿಲ್ಲ. ಲ್ಯಾಬು ಅಳೆಯುವುದು ಅದರ ಕೆಲಸದ ಫಲವನ್ನು: ಬೈಕಾರ್ಬನೇಟ್, ಸಾಮಾನ್ಯವಾಗಿ ಲೀಟರಿಗೆ 22ರಿಂದ 28 ಮಿಲಿಮೋಲ್. ಅಪವಾದ ಒಂದಿದೆ. ಎರಡನೆಯ ರೂಪ ಹುಟ್ಟಿನಿಂದಲೇ ಇಲ್ಲದ ಮಕ್ಕಳಲ್ಲಿ ಮೂಳೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಮೂತ್ರಪಿಂಡ ಆಮ್ಲ ಹೊರಹಾಕಲಾರದು, ಮಿದುಳಿನಲ್ಲಿ ಸುಣ್ಣ ಕೂರುತ್ತದೆ. 1983ರಲ್ಲಿ ವಿಲಿಯಂ ಸ್ಲೈ ತಂಡ ಇದನ್ನು ಗುರುತಿಸಿತು. ಅಪ್ಪ, ಅಮ್ಮ ಇಬ್ಬರಿಂದಲೂ ದೋಷ ಬಂದರಷ್ಟೇ ತಲೆದೋರುವ ಕಾಯಿಲೆ ಇದು. ಸೋದರಮಾವ, ಅತ್ತೆಮಗನೊಂದಿಗೆ ಮದುವೆ ಇನ್ನೂ ರೂಢಿಯಲ್ಲಿರುವ ನಾಡಿನಲ್ಲಿ ಮಕ್ಕಳ ವೈದ್ಯರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಊರಿನ ಹೆಚ್ಚಿನವರು ಈ ಕಿಣ್ವಕ್ಕೆ ಎದುರಾಗುವುದು ಹಿಮಾಲಯದ ದಾರಿಯಲ್ಲಿ. ಚಾರಣಕ್ಕೆ ಹೊರಟವರ ಚೀಲದಲ್ಲಿ ಡಯಮಾಕ್ಸ್ ಪಟ್ಟಿಯಿರುತ್ತದೆ. ರಕ್ತವನ್ನು ತುಸು ಆಮ್ಲೀಯವಾಗಿಸಿ ಅದು ಉಸಿರಾಟವನ್ನು ಜೋರು ಮಾಡುತ್ತದೆ. ಎತ್ತರಕ್ಕೆ ದೇಹ ಬೇಗ ಹೊಂದಿಕೊಳ್ಳುತ್ತದೆ. ನುಂಗಿದವರಿಗೆ ಬೆರಳತುದಿ ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಗೋಲಿ ಸೋಡಾ ಕುಡಿದರೆ ಚುರುಕೇ ಇರುವುದಿಲ್ಲ. ಸೋಡಾದ ಆ ಚುರುಕನ್ನು ನಾಲಗೆ ಗುರುತಿಸುವುದು ಹುಳಿ ತಿಳಿಸುವ ಕೋಶಗಳ ಮೇಲಿರುವ ನಾಲ್ಕನೆಯ ರೂಪದ ಮೂಲಕ ಎಂದು 2009ರಲ್ಲಿ ಜಯರಾಮ್ ಚಂದ್ರಶೇಖರ್ ಮತ್ತು ಜತೆಗಾರರು ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಸಲ್ಫಾ ಔಷಧ ಒಗ್ಗದವರು ವೈದ್ಯರನ್ನು ಕೇಳದೆ ಈ ಮಾತ್ರೆಯ ಗೋಜಿಗೆ ಹೋಗಬಾರದು.

ಕಣ್ಣನ್ ಮತ್ತು ಸಂಗಡಿಗರ ಕೆಲಸ ಇಂದು ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಸಾರ್ವಜನಿಕ ಸಂಗ್ರಹದಲ್ಲಿ 2ಸಿಎಬಿ, 1ಎಜೆಡ್‌ಎಂ ಎಂಬ ಗುರುತಿನಲ್ಲಿದೆ. ಮೊದಲನೆಯದು ಬರೀ ಕಿಣ್ವ, ಎರಡನೆಯದು ಅಸಿಟಜೋಲಮೈಡ್ ಹಿಡಿದ ಕಿಣ್ವ. ನೋಡಲು ದುಡ್ಡು ಬೇಡ, ಅನುಮತಿ ಬೇಡ; ಮೊಬೈಲಿನಲ್ಲೂ ತೆರೆಯುತ್ತದೆ. ಮತ್ತಿಕೆರೆ, ಯಲಹಂಕದ ಕಾಲೇಜುಗಳಲ್ಲಿ ಜೀವರಸಾಯನ ಪಾಠ ಮಾಡುವವರು ಕಿಣ್ವದ ಅಧ್ಯಾಯಕ್ಕೆ ಬಂದಾಗ ಈ ಎರಡನ್ನು ತೆರೆದು ತೋರಿಸಿ, ಜತೆಗೆ 1965ರ ಉಪ್ಪಿನ ಪ್ರಬಂಧದ ಮೊದಲ ಪುಟವನ್ನೂ ಮಕ್ಕಳ ಕೈಗೆ ಕೊಡಲಿ.